ಕೆರೆಕಟ್ಟೆಯ ಮೋರಿಕಟ್ಟೆಯಿಂದ ‘ನಾನಿದ್ದೀನಿ ಕಣೇ’ ಹಾಡಿಗೆ

ಗೆ,
ಮೊಬೈಲು, ಮದುವೆಮನೆ, ಬಸ್ಸು ಹಾಗೂ ಬ್ಯೂಟಿ ಪಾರ್ಲರುಗಳಲ್ಲಿ ಏಕಕಾಲಕ್ಕೆ ವಾಸವಾಗಿರುವ,
ಮೂರು ನಿಮಿಷ ಇಪ್ಪತ್ತು ಸೆಕೆಂಡು ಉದ್ದದ,
ಶ್ರೀಮತಿ ಅಥವಾ ಕುಮಾರಿ ‘ನಾನಿದ್ದೀನಿ ಕಣೇ’ ಹಾಡಿನವರಿಗೆ.

ಇಂದ,
ಕುಸುಮಾ, ಗ್ರಂಥಾಲಯದ ಮೇಲ್ವಿಚಾರಕಿ, ಕೆರೆಕಟ್ಟೆ, ಶೃಂಗೇರಿ ತಾಲ್ಲೂಕು.

ವಿಷಯ: ತಾವು ನಡುವೆ ಎಲ್ಲಿಯೂ ನಿಲ್ಲದೆ ಹಾಡಿ ಮುಗಿಸಿದ್ದರಿಂದ ನಾಲ್ವರು ಮಹಿಳೆಯರಿಗೆ ಆದ ತೊಂದರೆಯ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ, ಹಾಡಿಗೆ ಪಾದವೆಲ್ಲಿ ಎಂದು ಯಾರಾದರೂ ತಕರಾರು ತೆಗೆದರೆ ತಮ್ಮ ತಾಳಕ್ಕೆ, ಕೆರೆಕಟ್ಟೆಯ ನಾಲ್ವರು ಹೆಂಗಸರು ಮಾಡುವ ಅನಂತ ನಮಸ್ಕಾರಗಳು. ಉಭಯಕುಶಲೋಪರಿ. ಈ ಕಡೆ ನಾವೆಲ್ಲ ಕ್ಷೇಮವಾಗಿದ್ದು, ತಮ್ಮ ಕಡೆಯ ಡೋಲು, ಗಿಟಾರು, ಚಪ್ಪಾಳೆಗಳ ಕ್ಷೇಮದ ಬಗ್ಗೆಯೂ, ವಿಡಿಯೊದಲ್ಲಿ ಓಡುವ ಕೆಂಪು ಜೀಪಿನ ಬಾನೆಟ್ಟಿನ ಮೇಲೆ ನಿಂತು ಕುಣಿಯುವ ಆ ನಾಲ್ಕು ಹುಡುಗಿಯರ ಕ್ಷೇಮದ ಬಗ್ಗೆಯೂ ಆಗಾಗ್ಗೆ ಪತ್ರ ಬರೆಯುತ್ತಿರಬೇಕೆಂದು ಕೋರುತ್ತೇವೆ. ಹಾಗೆ ನಿಲ್ಲುವುದು ಒಳ್ಳೆಯದಲ್ಲ, ನಮ್ಮ ಘಾಟಿಯ ತಿರುವಿನಲ್ಲಾದರೆ ಎರಡನೆಯ ಸಾಲು ಹಾಡುವಷ್ಟರಲ್ಲಿ ನಾಲ್ವರೂ ಕೆಳಗಿನ ಹಳ್ಳದಲ್ಲಿರುತ್ತಾರೆ ಎಂದು ನಮ್ಮ ಕಮಲಕ್ಕ ಪ್ರತಿ ಸಲವೂ ಆತಂಕಪಡುವುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಹಾಡಿಗೂ ಅರ್ಜಿ ಬರೆಯುತ್ತಾರೆಯೇ ಎಂದು ತಾವು ಹುಬ್ಬೇರಿಸಬಾರದು. ಬಸ್ಸಿಗಾಗಿ, ಬೀದಿದೀಪಕ್ಕಾಗಿ, ಮಂಗಗಳ ವಿರುದ್ಧ, ಮತ್ತೊಮ್ಮೆ ಬಸ್ಸಿಗಾಗಿ, ಹೀಗೆ ಊರಿನವರ ಪರವಾಗಿ ನಾನು ಇದುವರೆಗೆ ನಲವತ್ತೊಂದು ಅರ್ಜಿ ಬರೆದಿದ್ದೇನೆ, ಉತ್ತರ ಬಂದದ್ದು ಎಷ್ಟಕ್ಕೆಂದು ಹೇಳಿ ಯಾರ ಮರ್ಯಾದೆಯನ್ನೂ ತೆಗೆಯುವುದಿಲ್ಲ. ಅವರಿಗೆಲ್ಲ ಬರೆದವಳಿಗೆ ತಮಗೆ ಬರೆಯುವುದೇನು ಮಹಾ? ತಾವಾದರೂ ಬಾಯಿ ಬಿಟ್ಟು ಮಾತಾಡುವವರು.

ಮೊದಲಿಗೆ ತಮ್ಮ ಸಾಹಿತ್ಯದ ಬಗ್ಗೆ ನಾಲ್ಕು ಹೊಗಳಿಕೆ. ‘ಬೀದಿಯೂ ನಮ್ಮದೇ, ಬಾನೂ ನಮ್ಮದೇ, ನಾನಿದ್ದೀನಿ ಕಣೇ’ ಎಂದು ತಾವು ಹಾಡುವಾಗ ನಮ್ಮ ಮೈಮೇಲೆ ಮುಳ್ಳೇಳುತ್ತದೆ. ಬೀದಿ ನಮ್ಮದೇ ಹೌದು, ಸಂಜೆ ಐದೂವರೆಯ ಬಸ್ಸು ತಪ್ಪಿದರೆ ಶೃಂಗೇರಿಯಿಂದ ಕೆರೆಕಟ್ಟೆಯವರೆಗಿನ ಇಡೀ ಬೀದಿ ನಮ್ಮದೇ, ಯಾರೂ ಪಾಲಿಗೆ ಬರುವುದಿಲ್ಲ. ‘ಕೂದಲು ಹಾರಲಿ, ಕನಸು ಹಾರಲಿ’ ಎಂಬಲ್ಲಿ ಮಾತ್ರ ನಮಗೆ ಸ್ವಲ್ಪ ಕಷ್ಟವಾಯಿತು, ಏಕೆಂದರೆ ಕಮಲಕ್ಕನ ಕೂದಲಿಗೆ ದಿನವೂ ಬೀಳುವ ಕೊಬ್ಬರಿ ಎಣ್ಣೆಯ ಭಾರಕ್ಕೆ ಅದು ಬಿರುಗಾಳಿಗೂ ಜಗ್ಗುವುದಿಲ್ಲ, ಮತ್ತು ಸಯೀದಾಳ ಕೂದಲು ದುಪಟ್ಟಾದ ಒಳಗಿರುವುದರಿಂದ ಹಾರಿದರೂ ತಮಗೆ ಕಾಣುವುದಿಲ್ಲ. ಕನಸಿನ ಮಟ್ಟಿಗೆ ತಮ್ಮ ಆಜ್ಞೆಯನ್ನು ಶಿರಸಾವಹಿಸಿದ್ದೇವೆ.

ಈಗ ಇವರು ಯಾರೆಂದು ಹೇಳಬೇಕು. ಕಮಲಕ್ಕ ಐವತ್ತು ದಾಟಿದ ಹೆಂಗಸು, ತೋಟದ ಕೂಲಿ, ಮಾತು ಕಡಿಮೆ, ಹಟ ಜಾಸ್ತಿ. ಸಯೀದಾ ನಮ್ಮ ಬಸ್ ನಿಲ್ದಾಣದ ದಿನಸಿ ಅಂಗಡಿಯ ಅಬ್ದುಲ್ ರಹಮಾನರ ಹೆಂಡತಿ, ಕೊಪ್ಪ ಪೇಟೆಯಿಂದ ಮದುವೆಯಾಗಿ ಬಂದವಳು. ಬಂದ ಮೊದಲ ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಉಂಬಳ ಕಂಡು ಸಯೀದಾ ರಸ್ತೆಯಲ್ಲೇ ಕೂತು ಕಿರುಚಿದಾಗ, ರಕ್ತ ಕುಡಿಯುತ್ತಿದ್ದ ಆ ಹುಳವನ್ನು ಸುಣ್ಣ ಹಚ್ಚಿ ಬಿಡಿಸಿ, ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟವಳು ಕಮಲಕ್ಕ. ಅಲ್ಲಿಂದ ಇಪ್ಪತ್ತೈದು ವರ್ಷ ಇಬ್ಬರೂ ಒಂದೇ ಜೀವ. ಹಳ್ಳ ತುಂಬಿ ಜೀಪು ಬಾರದ ದಿನ ಸಯೀದಾಳ ಮಗಳು ಅಂಬರೀನ್ ಹುಟ್ಟಿದ್ದು ಕಮಲಕ್ಕನ ಕೈಮೇಲೆ. ಇಂಥವರು ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಾತು ಬಿಟ್ಟರು. ಯಾಕೆಂದು ಇವಳೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಕಮಲಕ್ಕ ಒಂದು ಬೆಂಕಿಪೊಟ್ಟಣಕ್ಕೂ ಸಯೀದಾಳ ಅಂಗಡಿ ಬಿಟ್ಟು ಪಕ್ಕದೂರು ನೆಮ್ಮಾರಿಗೆ ಹೋಗತೊಡಗಿದಳು. ಜಗಳವಾಡಿದ್ದರೆ ಬಿಡಿಸಬಹುದಿತ್ತು, ಇವರು ಅದನ್ನೂ ಮಾಡಲಿಲ್ಲ. ಇಬ್ಬರನ್ನೂ ಅಕ್ಕಂದಿರಂತೆ ಕಂಡ ನನಗೆ ಅವರ ಮನೆಗಳ ನಡುವಿನ ದಾರಿಯಲ್ಲಿ ಹೋಗುವುದೇ ಸಂಕಟವಾಗಿತ್ತು.

ಇಂಥ ಹೊತ್ತಿನಲ್ಲಿ ತಾವು ದಯಮಾಡಿಸಿದಿರಿ. ಮಹಿಳಾ ಒಕ್ಕೂಟದ ವಾರ್ಷಿಕೋತ್ಸವ ಶೃಂಗೇರಿಯಲ್ಲಿ, ಗುಂಪು ನೃತ್ಯ ಸ್ಪರ್ಧೆ, ತಂಡಕ್ಕೆ ನಾಲ್ವರು ಎಂದು ಸುತ್ತೋಲೆ ಬಂತು. ಶೃಂಗೇರಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮೂರ ಅಂಬಿಕಾ, ಹಾಡೆಂದರೆ ತಾವೇ ಎಂದು ತೀರ್ಮಾನ ಕೊಟ್ಟಳು. ನಾನು ಕಮಲಕ್ಕನಿಗೆ “ಸಯೀದಾ ಬರೋದಿಲ್ಲವಂತೆ” ಎಂದೂ, ಸಯೀದಾಳಿಗೆ “ಕಮಲಕ್ಕ ಬರೋದಿಲ್ಲವಂತೆ” ಎಂದೂ ಹೇಳಿ ಇಬ್ಬರನ್ನೂ ಒಪ್ಪಿಸಿದೆ. ಮೊದಲ ದಿನ ಗ್ರಂಥಾಲಯದ ಬಾಗಿಲಲ್ಲಿ ಇಬ್ಬರೂ ಎದುರುಬದುರಾದಾಗ ನನ್ನನ್ನು ನೋಡಿದ ನೋಟವಿದೆಯಲ್ಲ, ಶಿವನೇ, ದಿನಪತ್ರಿಕೆಯ ಹಿಂದೆ ಅಡಗಿ ಕೂತೆ. ಆದರೆ ಈಗ ಹೊರಟುಹೋದರೆ ಯಾಕೆಂದು ಹೇಳಬೇಕಾಗುತ್ತದೆ, ಹೇಳಲು ಇಬ್ಬರಿಗೂ ಇಷ್ಟವಿಲ್ಲ, ಹಾಗಾಗಿ ಇಬ್ಬರೂ ಉಳಿದರು. ಎತ್ತರ ಸರಿಹೊಂದುತ್ತದೆ ಎಂಬ ನೆವದಲ್ಲಿ ಅವರಿಬ್ಬರನ್ನೇ ಜೋಡಿ ಮಾಡಿದ್ದೂ ನಾನೇ.

ಇನ್ನು ದೂರಿನ ಬೇರಿಗೆ ಬರುತ್ತೇನೆ. ನಮ್ಮಲ್ಲಿ ನೆಟ್‌ವರ್ಕು ಸಿಗುವುದು ಒಂದೇ ಕಡೆ, ರಸ್ತೆ ತಿರುವಿನ ಮೋರಿಕಟ್ಟೆಯ ಮೇಲೆ, ಅದೂ ಬಲಗೈ ಎತ್ತಿದರೆ. ಅಂಬಿಕಾ ಅಲ್ಲಿ ನಿಂತು ತಮ್ಮ ವಿಡಿಯೊ ಹಾಕಿ, ಅದು ಓಡುತ್ತಿರುವಾಗಲೇ ಸ್ಕ್ರೀನ್ ರೆಕಾರ್ಡ್ ಮಾಡಿ, ನನ್ನ ಮೊಬೈಲಿಗೆ ದಾಟಿಸಿ ಕೆಲಸಕ್ಕೆ ಹೋದಳು. ನೆಟ್‌ವರ್ಕು ಮೂರು ಕಡೆ ಕೈಕೊಟ್ಟಿತ್ತು. ಆ ಮೂರೂ ಕಡೆ ತಾವು ಬಾಯಿ ಮುಚ್ಚಿ ನಿಂತಿದ್ದಿರಿ, ಹುಡುಗಿಯರು ಇದ್ದಲ್ಲೇ ಕಲ್ಲಾಗಿದ್ದರು, ನಡುವೆ ಒಂದು ಸಣ್ಣ ಚಕ್ರ ತಿರುಗುತ್ತಿತ್ತು. ಎರಡು ಸಲ ಹನ್ನೊಂದು ಎಣಿಸುವಷ್ಟು ಹೊತ್ತು, ಮೂರನೆಯ ಸಲ, ಹಾಡಿನ ಕೊನೆಯ ಹತ್ತಿರ, ಇಪ್ಪತ್ತೆರಡು.

“ಇದೆಂತ ಕುಸುಮಾ, ಹಿಂಗೆ ನಿಂತ್ರು?” ಎಂದು ಕಮಲಕ್ಕ ಕೇಳಿದಳು. ನನ್ನ ಕನ್ನಡಕ ಮನೆಯಲ್ಲಿತ್ತು. ಗ್ರಂಥಾಲಯದವಳು ಗೊತ್ತಿಲ್ಲ ಎನ್ನುವುದು ಹೇಗೆ? “ಅದು ಕಾಲಚಕ್ರದ ಸಂಕೇತ ಕಮಲಕ್ಕ, ಹೆಣ್ಣು ನಿಂತರೆ ಕಾಲವೂ ನಿಲ್ಲುತ್ತದೆ ಅಂತ ಅರ್ಥ” ಎಂದು ಐದು ನಿಮಿಷ ಭಾಷಣ ಮಾಡಿದೆ. ಕಮಲಕ್ಕ ಶ್ರದ್ಧೆಯಿಂದ ಕೇಳಿ, ನಿಂತಲ್ಲೇ ತೋರುಬೆರಳನ್ನು ಗಾಳಿಯಲ್ಲಿ ತಿರುಗಿಸುವ ಒಂದು ಮುದ್ರೆಯನ್ನೂ ತಾನೇ ಸೇರಿಸಿದಳು. ಮೊದಲ ನಿಲುಗಡೆಯಲ್ಲಿ ಕೈ ಆಕಾಶಕ್ಕೆ, ಎರಡನೆಯದರಲ್ಲಿ ಜೀಪು ಹತ್ತುವವರಂತೆ ಅರ್ಧ ಬಗ್ಗಿ, ಒಂದು ಕಾಲು ಮೇಲೆ. ಐವತ್ತು ದಾಟಿದವಳು ಒಂಟಿ ಕಾಲಿನಲ್ಲಿ ಹನ್ನೊಂದು ಎಣಿಸುವುದೆಂದರೆ ಹುಡುಗಾಟವೇ?

ಮೂರನೆಯದರಲ್ಲಿ ಜೋಡಿಗಳು ಎದುರುಬದುರು ನಿಂತು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಎರಡೂ ಕೈಯಿಟ್ಟು, ಕಣ್ಣಲ್ಲಿ ಕಣ್ಣಿಡಬೇಕು. ಎರಡು ವರ್ಷದಿಂದ ಒಂದೇ ದಾರಿಯಲ್ಲಿ ತಲೆ ತಗ್ಗಿಸಿ ಹಾದುಹೋದವರು, ತಮ್ಮ ದಯೆಯಿಂದ, ಇಪ್ಪತ್ತೆರಡು ಎಣಿಸುವವರೆಗೆ ಹಾಗೆ ನಿಲ್ಲಬೇಕಾಯಿತು. ಮೊದಲ ದಿನ ಇಬ್ಬರೂ ಒಬ್ಬರ ಕಿವಿಯೋಲೆಯನ್ನು ಒಬ್ಬರು ನೋಡಿದರು. ಮೂರನೆಯ ದಿನ ನಾನು ಕನ್ನಡಕ ಹಾಕಿಕೊಂಡು ಬಂದೆ, ಚಕ್ರ ಕಂಡಿತು, ಕಾಲಚಕ್ರವೂ ಅಲ್ಲ ಮಣ್ಣೂ ಅಲ್ಲ, ನನ್ನ ಆಫೀಸಿನ ಕಂಪ್ಯೂಟರಿನಲ್ಲಿ ದಿನವೂ ತಿರುಗುವ ಅದೇ ದರಿದ್ರ ಚಕ್ರ ಎಂದು ಗೊತ್ತಾಯಿತು. ಹೇಳಿಬಿಡೋಣವೆಂದು ತಿರುಗಿದೆ. ನೋಡಿದರೆ ಕಮಲಕ್ಕನ ಕೈ ಸಯೀದಾಳ ಹೆಗಲ ಮೇಲಿತ್ತು, ಸಯೀದಾಳ ದುಪಟ್ಟಾ ಜಾರಿತ್ತು, ಕಮಲಕ್ಕ ಅದನ್ನು ಸರಿಮಾಡಿದಳು. ನಾನು ಕನ್ನಡಕ ತೆಗೆದು ಚೀಲದಲ್ಲಿಟ್ಟೆ. ಭಾನುವಾರ ಅಭ್ಯಾಸಕ್ಕೆ ಬಂದ ಅಂಬಿಕಾ “ಅಯ್ಯೋ, ಇದು ಹಾಡು ಸಿಕ್ಕಾಕ್ಕೊಂಡಿದ್ದು ಕಣ್ರೀ” ಎಂದು ಬಾಯಿ ತೆಗೆಯುವಷ್ಟರಲ್ಲಿ ಅವಳ ಕಾಲು ತುಳಿದೆ. ಮಾತಂತೂ ಆಡುತ್ತಿಲ್ಲ, ಇಪ್ಪತ್ತೆರಡು ಎಣಿಸುವಷ್ಟಾದರೂ ನಿಲ್ಲಲಿ ಎಂದುಕೊಂಡೆ.

ಸ್ಪರ್ಧೆಯಲ್ಲೂ ನಮ್ಮ ರೆಕಾರ್ಡನ್ನೇ ಹಾಕಿಸಿದರಾಯಿತು ಎಂಬುದು ನನ್ನ ಲೆಕ್ಕಾಚಾರ. ಆ ದಿನ ಕಮಲಕ್ಕನ ಮಗ ಜಯಪ್ರಕಾಶ್ ತನ್ನ ಜೀಪಿನಲ್ಲಿ ನಮ್ಮನ್ನು ಶೃಂಗೇರಿಗೆ ತಲುಪಿಸಿದ. ಸಭಾಂಗಣದಲ್ಲಿ ನೋಡಿದರೆ ಬಂದ ಏಳು ತಂಡವೂ ಆರಿಸಿದ್ದು ತಮ್ಮನ್ನೇ! ಕೊಪ್ಪದವರು ತಮಗೆ ಕುಣಿದರು, ನರಸಿಂಹರಾಜಪುರದವರು ಕಪ್ಪು ಕನ್ನಡಕ, ನೇರಳೆ ಸೀರೆಯಲ್ಲಿ ಸಿಳ್ಳೆ ಹೊಡೆದು ತಮಗೆ ಕುಣಿದರು. ಐದನೆಯ ಸಲ ತಾವು ‘ಬೀದಿಯೂ ನಮ್ಮದೇ’ ಎಂದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು “ಆಯ್ತು ಮಾರಾಯ್ತಿ, ನಿಂದೇ, ತಗಾ” ಎಂದರು. ಆರನೆಯವರು ನಾವು. ಮೈಕಿನ ರಘುಪತಿ ಎಂಬ ಸಜ್ಜನರಿಗೆ ನಮ್ಮ ಮೊಬೈಲು ಕೊಟ್ಟು ಮೆಟ್ಟಿಲು ಹತ್ತಿದೆವು. ಅವರು ಅದನ್ನು ಅಲ್ಲಲ್ಲಿ ಓಡಿಸಿ ಕೇಳಿ ನೋಡಿ, ಬೆನ್ನಹಿಂದಿನಿಂದ ಕೂಗಿದರು: “ಮೇಡಂ, ನಿಮ್ಮ ಕಾಪಿ ಸರಿ ಇಲ್ಲ, ನಿಂತು ನಿಂತು ಹೋಗ್ತದೆ. ಯೋಚನೆ ಮಾಡ್ಬೇಡಿ, ನನ್ನ ಹತ್ರ ಒಳ್ಳೇ ಕಾಪಿ ಉಂಟು.” ಉಪಕಾರ ಮಾಡುವವರನ್ನು ತಡೆಯಲು ನಮ್ಮ ಕಡೆ ಯಾರಿಂದಲೂ ಆದದ್ದಿಲ್ಲ.

ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲ ನಿಲುಗಡೆ ಬಂತು, ನಾವು ಕೈಯೆತ್ತಿ ನಿಂತೆವು, ತಾವು ನಿಲ್ಲಲಿಲ್ಲ. ಒಮ್ಮೆ ತಿರುಗಿ ನೋಡುವ ಸೌಜನ್ಯವಾದರೂ ಬೇಡವೇ? ನಾನು ಪಿಸುಗುಟ್ಟಿದೆ, “ಕಮಲಕ್ಕ, ಹಾಡು ಹೋಯ್ತು, ನಡಿ.” ಕಮಲಕ್ಕ ಬೆರಳು ತಿರುಗಿಸುತ್ತಾ, “ಹೋಗ್ಲಿ ಬಿಡು, ಇನ್ನೂ ಆರೇ ಆಗಿದ್ದು” ಎಂದಳು. ಅವಳ ಮೈಗೆ ಒಮ್ಮೆ ಕಲಿಸಿದ್ದು ಕಲಿಸಿದ್ದೇ. ಎರಡನೆಯದರಲ್ಲಿ ತಾವು ಮೂರನೇ ಚರಣದಲ್ಲಿ ಕುಪ್ಪಳಿಸುತ್ತಿದ್ದರೆ ನಾವು ನಾಲ್ಕು ಕೊಕ್ಕರೆಗಳಂತೆ ಒಂಟಿ ಕಾಲಿನಲ್ಲಿದ್ದೆವು. ಸಭೆಯಲ್ಲಿ ನಗು ಶುರುವಾಗಿ, ಬೆಂಚಿನಿಂದ ಬೆಂಚಿಗೆ ಹಬ್ಬಿ, ಅಂಬಿಕಾಳಿಗೂ ಹತ್ತಿ, ಅವಳಿಂದ ನನಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಸ್ವಾಮಿ, ನಮ್ಮ ನೆಲ ನೇರವಾಗಿಯೇ ಇತ್ತು, ಡೊಂಕಾಗಿದ್ದು ತಾವು!

ಸರಿಯಾಗಿ ನಾವು ಮೂರನೆಯ ನಿಲುಗಡೆಗೆ ತಲುಪುವ ಹೊತ್ತಿಗೆ ತಾವು ಮುಗಿದು ಮನೆಗೆ ಹೋದಿರಿ. ಸಭಾಂಗಣದಲ್ಲಿ ಸದ್ದಿಲ್ಲ. ನಿರೂಪಕಿಯ ಮೈಕು ಸ್ಟ್ಯಾಂಡಿನಲ್ಲಿ ಹಾಗೇ ಚಾಲೂ ಇದ್ದು, ಕಮಲಕ್ಕ ಮತ್ತು ಸಯೀದಾ ಅದರ ಮುಂದೆಯೇ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಎಣಿಸುತ್ತಿದ್ದೆ. ಒಂಬತ್ತಕ್ಕೆ ಕಮಲಕ್ಕನ ದನಿ ಎರಡು ಸ್ಪೀಕರುಗಳಿಂದ ಬಂತು. “ಅಂಬರೀನ್ ಮದುವೆಗೆ ನನ್ನ ಯಾಕೆ ಕರೀಲಿಲ್ಲ ನೀನು?”

ಸಯೀದಾಳ ದನಿಯೂ ಅದೇ ಸ್ಪೀಕರುಗಳಿಂದ ಬಂತು. “ಎಂತ ಹೇಳ್ತೀಯ ಕಮಲಕ್ಕ? ಕರೆದಿದ್ದೆ. ಜಯಪ್ರಕಾಶನ ಮೊಬೈಲಿಗೆ ಕಾರ್ಡ್ ಹಾಕಿದ್ದೆ. ಬರದೇ ಇದ್ದವಳು ನೀನು.”

“ಮೊಬೈಲಿಗೆ ಹಾಕಿದ್ರೆ ಮೊಬೈಲು ಬರ್ಬೇಕಿತ್ತು ಮಾರಾಯ್ತಿ. ನೀನು ನನ್ನ ಹೊಸ್ತಿಲಿಗೆ ಬಂದು ಕರೀಲಿಲ್ಲ.”

“ನೀನು ಮನೆಯವಳು ಅಂದ್ಕೊಂಡೆ! ಮನೆಯವ್ರನ್ನ ಯಾರಾದ್ರೂ ಮನೆಗೆ ಹೋಗಿ ಕರೀತಾರಾ? ನೀನು ಬರ್ಲಿಲ್ಲ ಅಂತ ಮಗಳ ಮದುವೆ ದಿನ ಅಡುಗೆಮನೆ ಬಾಗ್ಲು ಹಾಕ್ಕೊಂಡು ಅತ್ತಿದೀನಿ ನಾನು.”

ಇಪ್ಪತ್ತೆರಡು ಯಾವಾಗಲೋ ಮುಗಿದಿತ್ತು, ಇಬ್ಬರೂ ಕೈ ತೆಗೆಯಲಿಲ್ಲ. ಹಿಂದಿನ ಬಾಗಿಲ ಬಳಿಯಿಂದ ಜಯಪ್ರಕಾಶ್ ಕಿವಿ ಕೆಂಪಗೆ ಮಾಡಿಕೊಂಡು, “ಅಮ್ಮ, ಆ ಕಾರ್ಡು ಮದುವೆ ಆಗಿ ನಾಕು ದಿನಕ್ಕೆ ಬಂತು, ನಾನು ಶೃಂಗೇರಿಗೆ ಬಂದಾಗ. ನೀನು ಬೈತೀಯ ಅಂತ ಹೇಳ್ಲಿಲ್ಲ” ಎಂದ. ಆಗ ನೋಡಬೇಕಿತ್ತು ತಾವು ಸಭೆಯನ್ನು! ಮನೆಗೆ ಬಂದು ಕರೆಯದ ಮದುವೆಗೆ ಹೋಗುವವರುಂಟೇ ಎಂದು ನರಸಿಂಹರಾಜಪುರದವರು ಎದ್ದರು, ಮನೆಯವಳಿಗೆ ಎಂಥ ಕರೆ ಎಂದು ಕೊಪ್ಪದವರು ಎದ್ದರು, ತೀರ್ಪುಗಾರರಲ್ಲೇ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಏಳನೆಯ ತಂಡ ಸೆರಗು ಸಿಕ್ಕಿಸಿಕೊಂಡು ಕಾದದ್ದೇ ಬಂತು. ವೇದಿಕೆಯ ಮೇಲೆ ಇಬ್ಬರು ಅಳುತ್ತಿದ್ದರು, ನಾನೂ ಅಂಬಿಕಾಳೂ ನಗುವೋ ಅಳುವೋ ಗೊತ್ತಾಗದೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದೆವು. ನಮಗೆ ‘ವಿಭಿನ್ನ ಪ್ರಯತ್ನ’ ಎಂಬ ಸಮಾಧಾನಕರ ಬಹುಮಾನವಾಗಿ ನಾಲ್ಕು ಪ್ಲಾಸ್ಟಿಕ್ ಬುಟ್ಟಿ ಬಂದವು.

ಆದ್ದರಿಂದ ಮಾನ್ಯರೇ, ನಮ್ಮ ಕೋರಿಕೆಗಳು ಇಷ್ಟೇ. ಲೋಕದಲ್ಲಿರುವ ತಮ್ಮ ಎಲ್ಲ ಪ್ರತಿಗಳಲ್ಲೂ ಮೂರು ಕಡೆ ತಾವು ಬಾಯಿ ಮುಚ್ಚಿಕೊಂಡು ನಿಲ್ಲುವ ವ್ಯವಸ್ಥೆ ಕೂಡಲೇ ಆಗಬೇಕು. ಕೆಂಪು ಜೀಪಿನ ಹುಡುಗಿಯರನ್ನು ಒಂದು ವಾರ ನಮ್ಮ ಐದೂವರೆಯ ಬಸ್ಸಿಗೆ ವರ್ಗಾಯಿಸಬೇಕು, ಸೀಟಿಗಾಗಿ ನೂಕಾಡುವಾಗ ಯಾರು ಯಾರಿಗೆ ‘ನಾನಿದ್ದೀನಿ ಕಣೇ’ ಎನ್ನುತ್ತಾರೆ ನೋಡೋಣ. ಮತ್ತು ಶೃಂಗೇರಿಯಲ್ಲಿ ನಮ್ಮನ್ನು ನಡುದಾರಿಯಲ್ಲಿ ಬಿಟ್ಟು ಹೋದದ್ದಕ್ಕೆ ತಾವು ಖುದ್ದಾಗಿ, ಮನೆಮನೆಗೆ ಬಂದು ಕ್ಷಮೆ ಕೇಳಬೇಕು. ಮೊಬೈಲಿನಲ್ಲಿ ಕೇಳಿದರೆ ಸ್ವೀಕರಿಸುವುದಿಲ್ಲ.

ಹೇಗೆ ಬರಬೇಕೆಂದು ತಿಳಿಯದಿದ್ದರೆ ಸಯೀದಾಳನ್ನು ನೋಡಿ ಕಲಿಯಬಹುದು. ಮರುದಿನ ಬೆಳಿಗ್ಗೆ ಅವಳು ಹೊಸ ಸಲ್ವಾರ್ ತೊಟ್ಟು ನನ್ನ ಮನೆಗೆ ಬಂದು, ಕರೆಯಲು ಒಬ್ಬಳೇ ಹೋಗಬಾರದು ಬಾ ಎಂದು ಎಳೆದುಕೊಂಡು ಹೋದಳು. ಕಮಲಕ್ಕನ ಹೊಸ್ತಿಲಲ್ಲಿ ನಿಂತು, ಬೀರುವಿನಲ್ಲಿ ಮಿಕ್ಕಿದ್ದ ಎರಡು ವರ್ಷ ಹಳೆಯ ಮದುವೆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, “ಕಮಲಕ್ಕ, ನಮ್ಮ ಅಂಬರೀನ್ ಮದುವೆ. ಮನೆಯವ್ರೆಲ್ಲ ಮುಂಚಿತವಾಗಿ ಬಂದು ನಡೆಸಿಕೊಡ್ಬೇಕು” ಎಂದಳು. ಕಮಲಕ್ಕ ಕೈ ಒರೆಸಿಕೊಂಡು ಕಾರ್ಡು ಇಸಿದುಕೊಂಡು, ಓದಲು ನನಗೆ ಕೊಟ್ಟಳು. ನಾನು ದಿನಾಂಕವನ್ನು ಇಸವಿ ಸಮೇತ ಗಟ್ಟಿಯಾಗಿ ಓದಿದೆ. ಅವಳು ಸ್ವಲ್ಪ ಯೋಚಿಸಿ, “ಅವತ್ತು ತೋಟದಲ್ಲಿ ಕೆಲ್ಸ ಇರ್ಬೋದು. ಆದ್ರೂ ಬರ್ತೀನಿ. ಇಷ್ಟು ದೂರ ಬಂದು ಕರೆದಿದ್ದೀಯಲ” ಎಂದಳು.

ಸಯೀದಾ ಗೊತ್ತುಮಾಡಿದ ಭಾನುವಾರ ಮಧ್ಯಾಹ್ನ ಕಮಲಕ್ಕ ಅವಳ ಮನೆಗೆ ಬಂದಳು, ಇದ್ದ ಒಂದೇ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು. ಬಾಗಿಲಲ್ಲಿ ನಿಂತಿದ್ದ ಅಬ್ದುಲ್ ರಹಮಾನರು ಹೆಣ್ಣಿನ ತಂದೆಯ ಗಾಂಭೀರ್ಯದಿಂದ “ಬನ್ನಿ ಬನ್ನಿ” ಎಂದರು, ಒಳಗಿನಿಂದ ಬಿರಿಯಾನಿಯ ಘಮ ಬರುತ್ತಿತ್ತು. ಕೊಪ್ಪದ ಗಂಡನ ಮನೆಯಿಂದ ಅಂಬರೀನ್ ತನ್ನ ಒಂದು ವರ್ಷದ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಕಮಲಕ್ಕ ಅದರ ಗಲ್ಲ ಹಿಡಿದು, “ನೀನೂ ಬಂದ್ಯನೇ ಕೂಸೇ, ನಿಮ್ಮಮ್ಮನ ಮದುವೆಗೆ?” ಎಂದಳು. ಆಮೇಲೆ ಚೀಲದಿಂದ ನಾಲ್ಕು ಡಬ್ಬಿಯ ಸ್ಟೀಲ್ ಟಿಫನ್ ಕ್ಯಾರಿಯರ್ ತೆಗೆದಳು. ಅದರ ಪ್ಲಾಸ್ಟಿಕ್ಕು ಹಾಗೇ ಇತ್ತು, ಮೇಲೆ ಅಂಬರೀನಳ ಹೆಸರನ್ನೂ ಮದುವೆಯ ಇಸವಿಯನ್ನೂ ಕೊರೆಸಿತ್ತು. ಮದುವೆ ಗೊತ್ತಾಯಿತೆಂದು ಕೇಳಿದ ವಾರವೇ ಶೃಂಗೇರಿಗೆ ಹೋಗಿ ಕೊರೆಸಿ ತಂದು, ಸಯೀದಾ ಕರೆಯಲು ಬರುತ್ತಾಳೆಂದು ಅಟ್ಟದ ಮೇಲಿಟ್ಟು ಕಾದಿದ್ದಳಂತೆ. ಸಯೀದಾ ಆ ಇಸವಿಯ ಮೇಲೆ ಬೆರಳಾಡಿಸಿದಳು, ಕಮಲಕ್ಕನ ರೇಷ್ಮೆ ಸೀರೆಗೆ ಮುಖ ಒತ್ತಿ ನಿಂತುಬಿಟ್ಟಳು. ಈ ಸಲ ಯಾರೂ ಎಣಿಸಲಿಲ್ಲ.

ತಮ್ಮ ಮೇಲೆ ಇಷ್ಟೆಲ್ಲ ಸಿಟ್ಟಿದ್ದರೂ, ಮುಂದಿನ ವರ್ಷದ ಸ್ಪರ್ಧೆಗೂ ತಮ್ಮನ್ನೇ ಆರಿಸಿರುವ,

ತಮ್ಮ ವಿಶ್ವಾಸಿ,
ಕುಸುಮಾ
(ಮತ್ತು ಕಮಲಕ್ಕ, ಸಯೀದಾ, ಅಂಬಿಕಾ)

ಮರೆತ ಮಾತು: ಅವತ್ತು ಊಟಕ್ಕೆ ಕೂತಾಗ, ಮದುವೆಮನೆಯಲ್ಲವೇ ಎಂದು ಅಬ್ದುಲ್ ರಹಮಾನರು ಅಂಗಡಿಯ ಸ್ಪೀಕರು ತಂದಿಟ್ಟು ಬಹಳ ಮರ್ಯಾದೆಯಿಂದ ತಮ್ಮನ್ನೇ ಹಾಕಿದರು. ತಾವು ‘ನಾನಿದ್ದೀನಿ’ ಎನ್ನುವಷ್ಟರಲ್ಲಿ ಕಮಲಕ್ಕ, “ಸಾಬ್ರೆ, ಅದನ್ನೊಂದು ನಿಲ್ಸಿ ಮಾರಾಯ್ರೆ, ನಮಗೆ ಎರಡು ವರ್ಷದ ಮಾತು ಆಡೋದಿದೆ” ಎಂದಳು. ತಮಗೆ ಬೇಸರವಾಗಬಾರದೆಂದು ತಿಳಿಸುತ್ತಿದ್ದೇನೆ, ‘ಕಣೇ’ ಎನ್ನಲು ಅವರು ತಮಗೆ ಅವಕಾಶ ಕೊಡಲಿಲ್ಲ.